ಎರಡು ಹುಳು, ಒಂದೇ ಹೆಸರು: ಕ್ಯಾಟ್‌ಫಿಶ್ ಕೊಳಗಳ ಒಂದು ಪ್ರಕರಣ

ಮೀನು ಮೇವು ಬಿಟ್ಟಿತು ಅಂದರೆ ಸಾಕುವವರಿಗೆ ನಿದ್ದೆ ಬರುವುದಿಲ್ಲ. ನಿನ್ನೆವರೆಗೆ ಮೇವು ಎರಚಿದ ಕೂಡಲೇ ಕೊಳದ ನೀರು ಕುದಿಯುವಂತೆ ಕಾಣುತ್ತಿತ್ತು, ಅಷ್ಟು ಮೀನು ಮೇಲೆ ಬರುತ್ತಿತ್ತು. ಇವತ್ತು ಮೇವು ಹಾಗೇ ತೇಲುತ್ತಿದೆ. 1999ರ ಸುಮಾರಿಗೆ ಅಮೆರಿಕದ ಲೂಸಿಯಾನಾ ಮತ್ತು ಮಿಸಿಸಿಪ್ಪಿ ರಾಜ್ಯಗಳ ಕ್ಯಾಟ್‌ಫಿಶ್ ಕೊಳಗಳಲ್ಲಿ ಆದದ್ದು ಇದು. ಹಿಡಿದು ನೋಡಿದರೆ ಮೀನಿನ ಚರ್ಮದ ಕೆಳಗೆ ಸಣ್ಣ ಸಣ್ಣ ಗಂಟುಗಳು. ಕೆಲವಕ್ಕೆ ಹೊಟ್ಟೆ ಊದಿತ್ತು, ಕಣ್ಣುಗುಡ್ಡೆ ಮುಂದೆ ಬಂದಿತ್ತು. ಗಂಟು ಒಡೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಒಂದು ಚಪ್ಪಟೆ ಹುಳುವಿನ ಮರಿ.

ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಚಪ್ಪಟೆ ಹುಳುಗಳ ಅನುವಂಶೀಯ ವೈವಿಧ್ಯ ಎಂದ ಕೂಡಲೇ ಅದು ಪ್ರಯೋಗಾಲಯದೊಳಗಿನ ಮಾತು, ಕೊಳದ ದಂಡೆಯಲ್ಲಿ ನಿಂತವರಿಗೆ ಅದರಿಂದ ಏನೂ ಆಗಬೇಕಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲಿ ಹಾಗಿಲ್ಲ. ಯಾವ ಹಕ್ಕಿಯನ್ನು ಓಡಿಸಬೇಕು, ಯಾವ ಬಸವನಹುಳುವನ್ನು ಕೊಲ್ಲಬೇಕು, ಯಾವ ಕೊಳಕ್ಕೆ ದುಡ್ಡು ಸುರಿಯಬೇಕು ಎನ್ನುವ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಂತದ್ದು ಹುಳುವಿನ ಡಿಎನ್‌ಎ ಮುಂದೆ. ಸಾಕಣೆಗಾರರ ಹೆಸರು, ಕೊಳಗಳ ಗುರುತು ಇಲ್ಲಿ ಇಲ್ಲ. ತೊಂದರೆ ಒಬ್ಬಿಬ್ಬರದ್ದಾಗಿರಲಿಲ್ಲ. ಅಂದಿನ ಯಾವುದೋ ಒಬ್ಬ ಸಾಕಣೆಗಾರನ ದಂಡೆಯ ಮೇಲೆ ನಾವೂ ನಿಂತಿದ್ದೇವೆ ಎಂದುಕೊಂಡು ಓದಿದರೆ ಸಾಕು.

ಕೊಳ, ಹಕ್ಕಿ, ಬಸವನಹುಳು

ಮಿಸಿಸಿಪ್ಪಿ ಡೆಲ್ಟಾ ಎಂದು ಅಲ್ಲಿನವರು ಕರೆಯುವುದು ನದಿ ಸಮುದ್ರ ಸೇರುವ ಜಾಗವನ್ನಲ್ಲ. ಅದು ಮಿಸಿಸಿಪ್ಪಿ ರಾಜ್ಯದ ವಾಯವ್ಯಕ್ಕಿರುವ ಚಪ್ಪಟೆ ಬಯಲು. ಮೊದಲು ಹತ್ತಿಯ ಸೀಮೆ. ಜೇಡಿಮಣ್ಣಾದ್ದರಿಂದ ನೀರು ಇಂಗುವುದಿಲ್ಲ. ಅದಕ್ಕೇ ಅಲ್ಲಿ ಕ್ಯಾಟ್‌ಫಿಶ್ ಸಾಕಣೆ ದೊಡ್ಡದಾಗಿ ಬೆಳೆಯಿತು. ಒಂದೊಂದು ಕೊಳ ಹಲವು ಎಕರೆ ಅಗಲ, ಆಳ ಮಾತ್ರ ಒಂದಾಳಿಗಿಂತ ಕಡಿಮೆ. ಅಗಲ ಜಾಸ್ತಿ, ಆಳ ಕಡಿಮೆ, ಒಳಗೆ ಒತ್ತೊತ್ತಾಗಿ ಮೀನು. ನೀರುಹಕ್ಕಿಗೆ ಇದಕ್ಕಿಂತ ಒಳ್ಳೆಯ ಊಟದ ತಟ್ಟೆ ಎಲ್ಲಿ ಸಿಗುತ್ತದೆ?

ಅಮೆರಿಕದ ಬಿಳಿ ಹೆಜ್ಜಾರ್ಲೆ (ಪೆಲಿಕನ್) ಬೇಸಿಗೆಯಲ್ಲಿ ಉತ್ತರದ ಬಯಲುಗಳ ಸರೋವರಗಳಲ್ಲಿ ಮರಿ ಮಾಡುತ್ತದೆ. ಚಳಿಗೆ ದಕ್ಷಿಣಕ್ಕೆ ಬರುತ್ತದೆ. ಇದು ಮೇಲಿಂದ ಧುಮುಕಿ ಮೀನು ಹಿಡಿಯುವ ಹಕ್ಕಿಯಲ್ಲ. ಗುಂಪಾಗಿ ತೇಲುತ್ತಾ ಮೀನನ್ನು ಒಂದು ಕಡೆಗೆ ಅಟ್ಟಿ, ಗಂಟಲ ಚೀಲದಲ್ಲಿ ಮೊಗೆದುಕೊಳ್ಳುತ್ತದೆ. ಆಳವಿಲ್ಲದ ಕೊಳ ಇದಕ್ಕೆ ಹೇಳಿ ಮಾಡಿಸಿದ ಜಾಗ. 1990ರ ದಶಕದಲ್ಲಿ ಡೆಲ್ಟಾದಲ್ಲಿ ಈ ಹಕ್ಕಿಗಳು ಜಾಸ್ತಿಯಾದವು. ಕೊಳದ ಅಂಚಿನ ಹುಲ್ಲು, ಜೊಂಡಿನ ನಡುವೆ ಇನ್ನೊಂದು ಜೀವಿ ಸುಮ್ನೆ ಕೂತಿತ್ತು. ಟಗರಿನ ಕೊಂಬಿನ ಹಾಗೆ ಚಪ್ಪಟೆಯಾಗಿ ಸುರುಳಿ ಸುತ್ತಿದ ಚಿಪ್ಪಿನ ಬಸವನಹುಳು. ವಿಜ್ಞಾನದ ಹೆಸರು ಪ್ಲಾನಾರ್ಬೆಲ್ಲ ಟ್ರೈವಾಲ್ವಿಸ್.

ಹುಳುವಿನ ಬದುಕು ಈ ಮೂವರ ನಡುವೆ ತಿರುಗುತ್ತದೆ. ದೊಡ್ಡ ಹುಳು ಹಕ್ಕಿಯ ಕರುಳಿನಲ್ಲಿ ಇರುತ್ತದೆ. ಅದರ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದು ಬಂದ ಮರಿ ಈಜಿ ಹೋಗಿ ಬಸವನಹುಳುವಿನ ಒಳಗೆ ಸೇರುತ್ತದೆ. ಅಲ್ಲಿ ಒಂದು ಮರಿ ನೂರಾಗಿ, ಸಾವಿರವಾಗಿ ಹೊರಗೆ ಬರುತ್ತದೆ. ಹೀಗೆ ಹೊರಬಂದ, ಕವಲು ಬಾಲದ ಈಜುಮರಿಗೆ ಸರ್ಕೇರಿಯಾ ಎನ್ನುತ್ತಾರೆ. ಅದು ಮೀನಿನ ಚರ್ಮ ಕೊರೆದು ಒಳಹೊಕ್ಕು ಗಂಟು ಕಟ್ಟಿಕೊಂಡು ಕಾಯುತ್ತದೆ. ಆ ಮೀನನ್ನು ಹಕ್ಕಿ ನುಂಗಿದರೆ ಚಕ್ರ ಪೂರ್ತಿಯಾಯಿತು. ಹಕ್ಕಿಗೆ ಇದರಿಂದ ಅಂಥ ತೊಂದರೆ ಕಾಣುವುದಿಲ್ಲ. ಏಟು ಬೀಳುವುದು ಮೀನಿಗೆ.

ಮೊದಲ ತಪ್ಪು ಹೆಸರಿನಲ್ಲೇ ಆಯಿತು

ಗಂಟಿನೊಳಗಿನ ಹುಳುವನ್ನು ನೋಡಿದವರು ಅದು ಬಾಲ್ಬೋಫೋರಸ್ ಕನ್‌ಫ್ಯೂಸಸ್ ಎಂದರು. ಅವರನ್ನು ದೂರುವಂತಿಲ್ಲ. ಈ ಹೆಸರಿನ ಹುಳು ಹಳೆಯ ಪ್ರಪಂಚದ, ಅಂದರೆ ಯುರೋಪ್, ಏಷ್ಯಾ, ಆಫ್ರಿಕಾ ಕಡೆಯ, ಬಿಳಿ ಹೆಜ್ಜಾರ್ಲೆಯಲ್ಲಿ ಬಹಳ ಹಿಂದೆಯೇ ಗೊತ್ತಿತ್ತು. 1960ರ ದಶಕದಲ್ಲಿ ಮೊಂಟಾನಾದ ಟ್ರೌಟ್ ಮೀನುಗಳಲ್ಲಿ ಇಂಥದೇ ಹುಳು ಸಿಕ್ಕಾಗಲೂ ಇದೇ ಹೆಸರು ಬಳಸಿದ್ದರು. ಹಾಗಾಗಿ ಡೆಲ್ಟಾದ ತೊಂದರೆಯ ಬಗ್ಗೆ 2000 ಮತ್ತು 2002ರಲ್ಲಿ ಬಂದ ಮೊದಲ ಬರಹಗಳಲ್ಲೂ ಕನ್‌ಫ್ಯೂಸಸ್ ಎಂದೇ ಇದೆ.

ಹೆಸರು ತಪ್ಪಾದರೆ ಏನು ಮಹಾ ಆಗುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಂದು ಹೆಸರಿನ ಜೊತೆ ಒಂದು ಇಡೀ ಕಥೆ ಬರುತ್ತದೆ. ಈ ಹುಳು ಯಾವ ಹಕ್ಕಿಯಲ್ಲಿರುತ್ತದೆ, ಯಾವ ಬಸವನಹುಳುವಿನಲ್ಲಿ ಬೆಳೆಯುತ್ತದೆ, ಯಾವ ಮೀನಿಗೆ ಹತ್ತುತ್ತದೆ, ನೀರು ಎಷ್ಟು ಬೆಚ್ಚಗಿದ್ದರೆ ಮರಿ ಹೊರಬರುತ್ತದೆ. ಹಳೆಯ ಪುಸ್ತಕದಲ್ಲಿ ಆ ಹೆಸರಿನ ಕೆಳಗೆ ಬರೆದದ್ದೆಲ್ಲ ನಮ್ಮ ಕೊಳಕ್ಕೂ ಸಲ್ಲುತ್ತದೆ ಎಂದು ನಂಬಿಬಿಡುತ್ತೇವೆ. ಹುಳು ಬೇರೆಯಾಗಿದ್ದರೆ ಆ ನಂಬಿಕೆಗೆ ಬುಡವೇ ಇಲ್ಲ.

ಕಣ್ಣಲ್ಲಿ ನೋಡಿ ಹೇಳುವುದು ಯಾಕೆ ಕಷ್ಟ ಅಂತ ಸ್ವಲ್ಪ ಹೇಳಬೇಕು. ಚಪ್ಪಟೆ ಹುಳುವಿಗೆ ಮೂಳೆಯಿಲ್ಲ, ಗಟ್ಟಿ ಚಿಪ್ಪಿಲ್ಲ. ಬಿಸಿ ನೀರಿನಲ್ಲಿ ಒಮ್ಮೆಗೇ ಕೊಂದರೆ ಉದ್ದವಾಗಿ ನಿಲ್ಲುತ್ತದೆ. ತಣ್ಣನೆಯ ಫಾರ್ಮಲಿನ್‌ಗೆ ಹಾಕಿದರೆ ಮುದುಡಿಕೊಳ್ಳುತ್ತದೆ. ಎಳೆಯದು ಒಂದು ಅಳತೆ, ಬಲಿತದ್ದು ಇನ್ನೊಂದು. ಇದು ಬಲಿತ ಹುಳುವಿನ ಪಾಡಾಯಿತು. ಮೀನಿನ ಗಂಟಿನೊಳಗಿನ ಮರಿಯಲ್ಲಿ ಗುರುತಿಸಲು ಬೇಕಾದ ಅಂಗಗಳೇ ಪೂರ್ತಿ ಮೂಡಿರುವುದಿಲ್ಲ. ಬಸವನಹುಳುವಿನಿಂದ ಬಂದ ಸರ್ಕೇರಿಯಾ ಅಂತೂ ಕವಲು ಬಾಲದ ಒಂದು ಚುಕ್ಕೆ. ಹಕ್ಕಿಯೊಳಗಿನ ಹುಳು, ಮೀನಿನೊಳಗಿನ ಮರಿ, ಬಸವನಹುಳುವಿನ ಸರ್ಕೇರಿಯಾ ಮೂರೂ ಒಂದೇ ಎಂದು ಆಕಾರ ನೋಡಿ ಸಾಬೀತು ಮಾಡುವುದು ಮೊಟ್ಟೆ ತೋರಿಸಿ ಇದು ಇಂಥ ಕೋಳಿಯದೇ ಎಂದಷ್ಟೇ ಕಷ್ಟ. ಡಿಎನ್‌ಎಗೆ ಮಾತ್ರ ವಯಸ್ಸಿನ ಭೇದವಿಲ್ಲ. ಸರ್ಕೇರಿಯಾದಲ್ಲಿದ್ದ ಅಕ್ಷರಗಳೇ ಬಲಿತ ಹುಳುವಿನಲ್ಲೂ ಇರುತ್ತವೆ.

ಹೆಸರು ಸಿಗುವ ಮೊದಲೇ ಶುರುವಾದ ಹೋರಾಟ

ಸಾಕಣೆಗಾರ ಹೆಸರಿಗಾಗಿ ಕಾಯುವಂತಿರಲಿಲ್ಲ, ಅಲ್ವಾ? ಗಂಟು ಕಟ್ಟಿದ ಮೀನಿಗೆ ಕೊಡಲು ಔಷಧಿಯಿಲ್ಲ. ಹೆಜ್ಜಾರ್ಲೆಯನ್ನು ಕಾನೂನು ಕಾಯುತ್ತದೆ. 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಕೊಲ್ಲುವಂತಿಲ್ಲ. ಸದ್ದು ಮಾಡಿ, ಗಾಡಿ ಓಡಿಸಿ ಹೆದರಿಸಬಹುದು, ಅಷ್ಟೇ. ಹಾಗಾಗಿ ಎಲ್ಲರ ಕಣ್ಣು ಬಸವನಹುಳುವಿನ ಮೇಲೆ ಬಿತ್ತು. ಚಕ್ರದ ಈ ಒಂದು ಕೊಂಡಿ ಕಿತ್ತರೆ ಸಾಕು ಎನ್ನುವ ಲೆಕ್ಕ.

ಉಪ್ಪು ಹಾಕಿ ನೋಡುವ ಪ್ರಯೋಗ ಲೂಸಿಯಾನಾದಲ್ಲಿ ಆಯಿತು. ನಾನು ಒಂದು ಲೆಕ್ಕ ಹಾಕಿ ನೋಡಿದೆ. ಹತ್ತು ಎಕರೆ ಅಗಲ, ನಾಲ್ಕು ಅಡಿ ಆಳದ ಕೊಳದಲ್ಲಿ ಸುಮಾರು 49,000 ಘನ ಮೀಟರ್ ನೀರಿರುತ್ತದೆ. ಲೀಟರಿಗೆ ಒಂದೇ ಒಂದು ಗ್ರಾಂ ಉಪ್ಪು ಏರಿಸಲು 49 ಟನ್ ಉಪ್ಪು ಬೇಕು. ಒಂದು ಕೊಳಕ್ಕೆ! ನೂರಾರು ಎಕರೆ ಇರುವವರು ಇದರ ಹತ್ತಿರವೂ ಹೋಗುವಂತಿಲ್ಲ.

ಅದೇ ಪ್ರಯೋಗದ ಇನ್ನೊಂದು ಭಾಗ ಕಪ್ಪು ಗೆಂಡೆ. ಪೂರ್ವ ಏಷ್ಯಾದ ಮೀನು ಇದು. ಗಂಟಲಲ್ಲಿ ಬಲವಾದ ಹಲ್ಲುಗಳಿವೆ, ಬಸವನಹುಳುವನ್ನು ಚಿಪ್ಪಿನ ಸಮೇತ ಪುಡಿ ಮಾಡಿ ತಿನ್ನುತ್ತದೆ. ಕೊಳಕ್ಕೆ ಬಿಟ್ಟರೆ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಮಿಸಿಸಿಪ್ಪಿ ನದಿ ಸೀಮೆಯ ಸಿಹಿನೀರ ಕಪ್ಪೆಚಿಪ್ಪುಗಳು ಅಪರೂಪದ ಆಸ್ತಿ. ಅಲ್ಲಿ ಎಷ್ಟೋ ಜಾತಿಯವು ಆಗಲೇ ಅಳಿವಿನ ಅಂಚಿಗೆ ಬಂದಿವೆ. ಪ್ರವಾಹದ ನೀರು ದಂಡೆ ದಾಟಿದರೆ ಈ ಮೀನು ಹೊಳೆ ಸೇರಿ ಅವನ್ನೂ ತಿನ್ನುತ್ತದೆ. ಮರಿ ಮಾಡದಂತೆ ಬಂಜೆಯಾಗಿಸಿದ ಮೀನು ಬಿಟ್ಟರೆ ಸಾಕಲ್ಲ ಎಂದು ಒಂದು ಗುಂಪು, ಒಂದೇ ಒಂದು ತಪ್ಪು ಸಾಕು ಎಂದು ಇನ್ನೊಂದು ಗುಂಪು. 2003ರಲ್ಲಿ ಇಲಿನಾಯ್ ರಾಜ್ಯದ ಒಂದು ಕೆರೆಯಲ್ಲಿ ಕಪ್ಪು ಗೆಂಡೆ ಬಲೆಗೆ ಬಿತ್ತು. 2007ರಲ್ಲಿ ಕೇಂದ್ರ ಸರ್ಕಾರ ಅದನ್ನು ಹಾನಿಕರ ಜೀವಿಗಳ ಪಟ್ಟಿಗೆ ಸೇರಿಸಿತು.

ಈ ತೀರ್ಮಾನದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಸಾಕಣೆಗಾರನ ಸಂಕಟ ನಿಜ, ಆದರೂ ಕಪ್ಪು ಗೆಂಡೆಯ ದಾರಿ ಹಿಡಿಯಬಾರದಿತ್ತು. ಕೊಳಕ್ಕೆ ಹಾಕಿದ ಔಷಧಿ ತಪ್ಪಾದರೆ ಆ ಒಂದು ಕೊಳ ಹಾಳಾಗುತ್ತದೆ. ಹೊಳೆಗೆ ಇಳಿದ ಮೀನನ್ನು ವಾಪಸ್ ಕರೆಯಲು ಯಾರಿಂದಲೂ ಆಗುವುದಿಲ್ಲ.

ಉಳಿದದ್ದು ಸುಣ್ಣ ಮತ್ತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ ತೋಟದವರಿಗೆ ಈ ಜೋಡಿಯನ್ನು ಪರಿಚಯ ಮಾಡಿಕೊಡಬೇಕಿಲ್ಲ. ಅದೇ ವಸ್ತುಗಳು, ಉದ್ದೇಶ ಮಾತ್ರ ಬೇರೆ. ಬಸವನಹುಳು ಹೆಚ್ಚಾಗಿ ಅಂಚಿನಲ್ಲೇ ಇರುತ್ತದೆ ಎಂದುಕೊಂಡು ದಂಡೆಯ ಉದ್ದಕ್ಕೂ ಒಂದು ಪಟ್ಟಿಯಂತೆ ಅರಳಿದ ಸುಣ್ಣ ಸುರಿದರು. ಮೈಲುತುತ್ತಕ್ಕೆ ಸಿಟ್ರಿಕ್ ಆಮ್ಲ ಸೇರಿಸಿ ದಂಡೆಗೆ ಸುರಿಯುವ ವಿಧಾನ 2002ರಲ್ಲಿ ಬಂತು. ಅಂಚಿನವು ಸತ್ತವು. ಆದರೆ ನಡುಕೊಳದಲ್ಲಿ ಉಳಿದವು ಮತ್ತೆ ಅಂಚಿಗೆ ಬಂದು ತುಂಬಿಕೊಂಡವು. 2006ರ ಹೊತ್ತಿಗೆ ಇಡೀ ಕೊಳಕ್ಕೆ ಒಂದೇ ಸಮನಾಗಿ ಮೈಲುತುತ್ತ ಹಾಕುವ ವಿಧಾನವನ್ನು ಪರೀಕ್ಷಿಸಿದರು. ಇದರಲ್ಲಿ ಅಪಾಯವೂ ಇದೆ. ನೀರಿನ ಕ್ಷಾರತೆ ಕಡಿಮೆಯಿದ್ದರೆ ತಾಮ್ರ ಮೀನನ್ನೇ ಕೊಲ್ಲುತ್ತದೆ. ಪಾಚಿ ಒಮ್ಮೆಗೇ ಸತ್ತರೆ ನೀರಿನ ಆಮ್ಲಜನಕ ಕುಸಿಯುತ್ತದೆ. ಕೊಳದ ನೀರು ಪರೀಕ್ಷಿಸದೆ ಮೈಲುತುತ್ತದ ಚೀಲ ಬಿಚ್ಚುವುದು ಬೆಂಕಿಯ ಜೊತೆ ಆಟ.

ಇಷ್ಟೆಲ್ಲ ನಡೆಯುವಾಗ ಒಂದು ಗೊಂದಲ ಉಳಿದೇ ಇತ್ತು. ಕೊಳದ ಬಸವನಹುಳುವನ್ನು ಪರೀಕ್ಷಿಸಿದರೆ ಕವಲು ಬಾಲದ ಸರ್ಕೇರಿಯಾ ಕಂಡಿತು ಅನ್ನಿ. ಆದರೆ ಅದು ಮೀನು ಕೊಲ್ಲುವ ಹುಳುವೇ ಹೌದೋ ಅಲ್ಲವೋ? ಇದಕ್ಕೆ ಉತ್ತರವಿಲ್ಲದೆ ಮಾಡುವ ಪ್ರತಿ ಖರ್ಚೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ತಿರುವು: ಒಂದಲ್ಲ, ಎರಡು

2002ರಲ್ಲಿ ಎರಡು ಕೆಲಸಗಳು ಹೊರಬಂದವು. ಎರಡೂ ಒಂದೇ ಕಡೆ ಬೆರಳು ತೋರಿಸಿದವು.

ಒಂದು ತಂಡ ಹುಳುಗಳ ರೈಬೋಸೋಮಿನ (ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರದ) ಸಣ್ಣ ಉಪಘಟಕದ ಜೀನ್ ಓದಿತು. ಈ ಜೀನ್ ಬಹಳ ನಿಧಾನವಾಗಿ ಬದಲಾಗುತ್ತದೆ. ತೀರ ಹತ್ತಿರದ ಬಂಧುಗಳಲ್ಲಿ ಇದು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಂಥ ಜೀನಿನಲ್ಲೇ ಡೆಲ್ಟಾದ ಹುಳುಗಳು ಎರಡು ಗುಂಪಾಗಿ ನಿಂತವು. ಹೆಸರಿಡುವ ಗಡಿಬಿಡಿಗೆ ಹೋಗದೆ ಅವನ್ನು ಒಂದನೇ ಬಗೆ, ಎರಡನೇ ಬಗೆ ಎಂದರು. ಎರಡೂ ಅದೇ ಕೊಂಬಿನ ಬಸವನಹುಳುವಿನಲ್ಲಿ ಬೆಳೆಯುತ್ತಿದ್ದವು.

ಈ ತಂಡ ಅಲ್ಲಿಗೇ ನಿಲ್ಲಿಸಬಹುದಿತ್ತು. ಎರಡು ಬಗೆ ಇವೆ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಬದಲಿಗೆ ಎರಡೂ ಬಗೆಯ ಸರ್ಕೇರಿಯಾಗಳನ್ನು ಕ್ಯಾಟ್‌ಫಿಶ್ ಜೊತೆ ಬಿಟ್ಟು ನೋಡಿದರು. ಒಂದನೇ ಬಗೆ ಮೀನಿಗೆ ಹತ್ತಿತು, ಕಾಯಿಲೆ ಬರಿಸಿತು. ಎರಡನೇ ಬಗೆ ಕ್ಯಾಟ್‌ಫಿಶ್‌ಗೆ ಹತ್ತಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಘಟ್ಟ ಇದು. ಜೀನಿನಲ್ಲಿ ಕಂಡ ವ್ಯತ್ಯಾಸಕ್ಕೆ ಕೊಳದಲ್ಲಿ ಬೆಲೆ ಇದೆಯೋ ಇಲ್ಲವೋ ಎಂಬುದು ಈ ಪ್ರಯೋಗದಿಂದ ಗೊತ್ತಾಯಿತು. ಒಂದನೇ ಬಗೆಯನ್ನು ಮಾತ್ರ ಹಿಡಿಯುವ ಪಿಸಿಆರ್ ಪರೀಕ್ಷೆಗೂ, ಅಂದರೆ ಡಿಎನ್‌ಎಯ ಒಂದು ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುವ ಪರೀಕ್ಷೆಗೂ, ದಾರಿಯಾಯಿತು.

ಇನ್ನೊಂದು ತಂಡದ ಮುಂದಾಳು ಗಲ್ಫ್ ಕೋಸ್ಟ್ ಸಂಶೋಧನಾಲಯದ ರಾಬಿನ್ ಓವರ್‌ಸ್ಟ್ರೀಟ್. ಇವರು ಹೆಜ್ಜಾರ್ಲೆಯ ಕರುಳಿನ ಹುಳುಗಳನ್ನು, ಮೀನಿನ ಮರಿಗಳನ್ನು, ಬಸವನಹುಳುವಿನ ಸರ್ಕೇರಿಯಾಗಳನ್ನು ಆಕಾರ ಮತ್ತು ಡಿಎನ್‌ಎ ಎರಡರಿಂದಲೂ ಒಂದೇ ದಾರಕ್ಕೆ ಪೋಣಿಸಿದರು. ಕ್ಯಾಟ್‌ಫಿಶ್ ಕೊಲ್ಲುವ ಹುಳು ಕನ್‌ಫ್ಯೂಸಸ್ ಅಲ್ಲವೇ ಅಲ್ಲ. ವಿಜ್ಞಾನಕ್ಕೆ ಹೊಸದು. ಅದಕ್ಕೆ ಬಾಲ್ಬೋಫೋರಸ್ ಡ್ಯಾಮ್ನಿಫಿಕಸ್ ಎಂದು ಹೆಸರಿಟ್ಟರು. ಮೊದಲ ತಂಡ ಒಂದನೇ ಬಗೆ ಎಂದದ್ದೂ ಇದನ್ನೇ. ಲ್ಯಾಟಿನ್‌ನಲ್ಲಿ ಡ್ಯಾಮ್ನಿಫಿಕಸ್ ಎಂದರೆ ಹಾನಿ ಮಾಡುವಂಥದ್ದು. ಹೆಜ್ಜಾರ್ಲೆಯ ಕರುಳಿನಲ್ಲಿ ಇದರ ಜೊತೆಗೇ ಅದೇ ಕುಲದ ಇನ್ನೊಂದು ಹುಳುವೂ ಇತ್ತು. ಒಂದೇ ಹಕ್ಕಿ, ಒಂದೇ ಬಸವನಹುಳು, ಎರಡು ಚಪ್ಪಟೆ ಹುಳು. ಅದರಲ್ಲಿ ಸಾಕಣೆಗಾರ ಹೆದರಬೇಕಾದದ್ದು ಒಂದಕ್ಕೆ ಮಾತ್ರ.

ಮರುವರ್ಷ ಇಸ್ರೇಲಿನಿಂದಲೂ ಇದಕ್ಕೆ ಜೊತೆಯಾಗುವ ಮಾತು ಬಂತು. ಅಲ್ಲಿ ನಿಜವಾದ ಕನ್‌ಫ್ಯೂಸಸ್ ಹೆಜ್ಜಾರ್ಲೆಯಲ್ಲಿದೆ, ಲೆವಾಂಟಿನಸ್ ಎಂಬ ಅದರ ಬಂಧು ಇರುಳು ಬಕದಲ್ಲಿದೆ. ಜೀನ್ ಓದಿದಾಗ ಇವೆರಡೂ ಬೇರೆ ಬೇರೆ ಎನ್ನುವುದು ಗಟ್ಟಿಯಾಯಿತು.

ಯಾವ ಹಕ್ಕಿ?

ಹುಳುವಿನ ಹೆಸರು ಸರಿಯಾದ ಮೇಲೆ ಹಕ್ಕಿಯ ಪ್ರಶ್ನೆ ಹೊಸದಾಗಿ ಎದ್ದಿತು. ಕೊಳಕ್ಕೆ ಹೆಜ್ಜಾರ್ಲೆ ಮಾತ್ರ ಬರುವುದಿಲ್ಲ. ನೀರುಕಾಗೆ, ದೊಡ್ಡ ನೀಲಿ ಬಕ, ಬೆಳ್ಳಕ್ಕಿ ಎಲ್ಲವೂ ಬರುತ್ತವೆ. ಸಾಕಣೆಗಾರರಿಗೆ ನೀರುಕಾಗೆಯ ಮೇಲೆ ಮೊದಲಿಂದಲೂ ಸಿಟ್ಟು, ಮೀನು ತಿನ್ನುವುದರಲ್ಲಿ ಅದು ಯಾರಿಗೂ ಕಡಿಮೆಯಲ್ಲ. 1998ರ ಒಂದು ಆದೇಶದ ಪ್ರಕಾರ ಕ್ಯಾಟ್‌ಫಿಶ್ ಕೊಳಗಳಲ್ಲಿ ನೀರುಕಾಗೆಯನ್ನು ಪ್ರತ್ಯೇಕ ಪರವಾನಗಿ ಇಲ್ಲದೆ ಕೊಲ್ಲಲು ಅವಕಾಶವೂ ಇತ್ತು. ಕೈಗೆ ಸುಲಭವಾಗಿ ಸಿಗುವ ಹಕ್ಕಿಯ ಮೇಲೇ ತಪ್ಪು ಹೊರಿಸುವುದು ಮನುಷ್ಯ ಸ್ವಭಾವ.

2009ರಲ್ಲಿ ಇದಕ್ಕೆ ನೇರ ಪ್ರಯೋಗದ ಉತ್ತರ ಸಿಕ್ಕಿತು. ಗಂಟು ಕಟ್ಟಿದ ಕ್ಯಾಟ್‌ಫಿಶ್‌ಗಳನ್ನು ಹೆಜ್ಜಾರ್ಲೆ, ನೀರುಕಾಗೆ, ದೊಡ್ಡ ನೀಲಿ ಬಕ, ದೊಡ್ಡ ಬೆಳ್ಳಕ್ಕಿ ನಾಲ್ಕಕ್ಕೂ ತಿನ್ನಿಸಿದರು. ಡ್ಯಾಮ್ನಿಫಿಕಸ್ ಬಲಿತು ಮೊಟ್ಟೆಯಿಟ್ಟದ್ದು ಹೆಜ್ಜಾರ್ಲೆಯಲ್ಲಿ ಮಾತ್ರ. ಬಳಸಿದ ಹಕ್ಕಿಗಳ ಸಂಖ್ಯೆ ದೊಡ್ಡದಲ್ಲ, ಅದನ್ನು ಮರೆಯಬಾರದು. ಆದರೂ ದಿಕ್ಕು ಸ್ಪಷ್ಟವಾಗಿತ್ತು. ಈ ಹುಳುವಿನ ಭಯದಿಂದ ಬೆಳ್ಳಕ್ಕಿಯ ಹಿಂದೆ ಓಡುವುದರಲ್ಲಿ ಅರ್ಥವಿರಲಿಲ್ಲ. ಹೆಜ್ಜಾರ್ಲೆಯ ಹಿಂಡು ಇಳಿದ ಕೊಳ ಯಾವುದು, ಯಾವಾಗ ಇಳಿಯಿತು ಎಂದು ಬರೆದಿಟ್ಟುಕೊಳ್ಳುವುದು ಅದಕ್ಕಿಂತ ಮುಖ್ಯವಾಯಿತು.

ಆದರೆ ನೀರುಕಾಗೆ ಪೂರ್ತಿ ಪಾರಾಗಲಿಲ್ಲ. 2012ರಲ್ಲಿ ಇದೇ ಸೀಮೆಯ ಕೊಂಬಿನ ಬಸವನಹುಳುವಿನಲ್ಲಿ ಬೇರೊಂದು ಸರ್ಕೇರಿಯಾದ ಜೀನ್ ಓದಿದರು. ಅದು ನೀರುಕಾಗೆಯ ಕರುಳಿನಲ್ಲಿರುವ ಡ್ರೆಪನೋಸೆಫಾಲಸ್ ಎಂಬ ಹುಳುವಿಗೆ ಹೊಂದಿತು. ಎಳೆಯ ಕ್ಯಾಟ್‌ಫಿಶ್‌ಗೆ ಇದೂ ಕೆಟ್ಟದ್ದೇ. ನೋಡಿ, ಎರಡು ಹಕ್ಕಿಗಳಿಗೆ ಎರಡು ಬೇರೆ ಹುಳು. ಸೇರುವ ಜಾಗ ಮಾತ್ರ ಒಂದೇ ಬಸವನಹುಳು.

ಬಸವನಹುಳುವಿನ ಲೆಕ್ಕವೂ ಬದಲಾಯಿತು. ಅಲ್ಲಿಯವರೆಗೆ ಪ್ಲಾನಾರ್ಬೆಲ್ಲ ಒಂದನ್ನೇ ಹುಡುಕುತ್ತಿದ್ದರು. 2009ರಲ್ಲಿ ಬಯಾಂಫಲೇರಿಯಾ ಕುಲದ, ಅದಕ್ಕಿಂತ ಚಿಕ್ಕ ಬಸವನಹುಳುವೂ ಡ್ಯಾಮ್ನಿಫಿಕಸ್‌ಗೆ ಮನೆಯಾಗಬಲ್ಲದು ಎಂದು ತಿಳಿಯಿತು. ದೊಡ್ಡ ಸುರುಳಿ ಕಾಣಲಿಲ್ಲ, ಹಾಗಾಗಿ ಕೊಳ ಸುರಕ್ಷಿತ ಎಂದು ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮತ್ತೆ ನೋಡಬೇಕಾಯಿತು.

ಒಂದು ಬಸವನಹುಳು, ಒಂದು ಮಾದರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಂಥ ಹುಳುಗಳ ಅನುವಂಶೀಯತೆ ಓದುವಾಗ ಹೊಸಬರು ಎಡವುವುದು ಇಲ್ಲೇ.

ಒಂದು ಬಸವನಹುಳುವಿನಿಂದ ಸಾವಿರ ಸರ್ಕೇರಿಯಾ ಬಂದವು ಎಂದುಕೊಳ್ಳಿ. ಅದು ಸಾವಿರ ಮಾದರಿ ಅಲ್ಲ. ಒಳಹೊಕ್ಕ ಮರಿ ಒಂದೇ ಆಗಿದ್ದರೆ ಆ ಸಾವಿರವೂ ಒಂದರ ನಕಲು. ಬಸವನಹುಳುವಿನೊಳಗೆ ಗಂಡು ಹೆಣ್ಣಿನ ಕೂಟವಿಲ್ಲ, ಬರೀ ನಕಲು ತೆಗೆಯುವ ಕೆಲಸ. ಹತ್ತು ಸರ್ಕೇರಿಯಾ ಓದಿ ಹತ್ತೂ ಒಂದೇ ಥರ ಇವೆ, ಈ ಕೆರೆಯಲ್ಲಿ ವೈವಿಧ್ಯವೇ ಇಲ್ಲ ಎಂದು ಬರೆದರೆ ಅದು ದೊಡ್ಡ ತಪ್ಪು. ಹತ್ತು ಬಸವನಹುಳುಗಳಿಂದ ಒಂದೊಂದು ತೆಗೆಯಬೇಕು.

ಹೊಸ ಜೋಡಣೆ ಆಗುವುದು ಹಕ್ಕಿಯ ಕರುಳಿನಲ್ಲಿ. ಬಲಿತ ಹುಳುವಿನಲ್ಲಿ ಗಂಡು, ಹೆಣ್ಣು ಎರಡರ ಅಂಗಗಳೂ ಇರುತ್ತವೆ. ಒಂದು ಹೆಜ್ಜಾರ್ಲೆ ಎಷ್ಟೋ ಕೊಳದ ಮೀನು ತಿಂದಿರುತ್ತದೆ. ಆ ಎಲ್ಲ ಕೊಳಗಳ ಹುಳುಗಳು ಒಂದೇ ಕರುಳಿನಲ್ಲಿ ಸೇರುತ್ತವೆ, ಬೆರೆಯುತ್ತವೆ. ಹಕ್ಕಿ ಹಾರಿ ಇನ್ನೊಂದು ಕಡೆ ಹಿಕ್ಕೆ ಹಾಕಿದರೆ ಆ ಬೆರಕೆ ಅಲ್ಲಿಗೆ ಹೋಯಿತು. ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್ ಮೀನಿನ ಹುಳುಗಳ ಮೇಲೆ 2004ರಲ್ಲಿ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಬದುಕಿಡೀ ನೀರಿನ ಜೀವಿಗಳಲ್ಲೇ ಕಳೆಯುವ ಹುಳುಗಳು ಹೊಳೆಯಿಂದ ಹೊಳೆಗೆ ಬೇರೆಬೇರೆಯಾಗಿದ್ದವು. ನೆಲದ ಮೇಲೆ ಓಡಾಡುವ ಪ್ರಾಣಿ, ಹಕ್ಕಿಗಳಲ್ಲಿ ಬಲಿಯುವ ಹುಳುವಿಗೆ ಅಂಥ ಗಡಿಯೇ ಕಾಣಲಿಲ್ಲ.

ಡೆಲ್ಟಾದ ಸಾಕಣೆಗಾರನಿಗೆ ಇದರ ಅರ್ಥ ಏನು? ತನ್ನ ಕೊಳದ ಬಸವನಹುಳುವನ್ನೆಲ್ಲ ಒಮ್ಮೆ ಕೊಂದರೆ ಹುಳುವಿನ ಕಾಟ ಶಾಶ್ವತವಾಗಿ ಮುಗಿಯಿತು ಎನ್ನುವಂತಿಲ್ಲ. ಹುಳುವಿನ ಮೂಲ ಅವನ ಕೊಳವಲ್ಲ, ಹಾರುವ ಹಿಂಡು. ಮುಂದಿನ ಚಳಿಗಾಲದಲ್ಲಿ ಅದು ಮತ್ತೆ ಬರುತ್ತದೆ. ಉಳಿದ ಒಂದಿಷ್ಟು ಬಸವನಹುಳು ಸಾಕು.

ಕೊನೆಗೆ ಏನಾಯಿತು

ಹುಳು ಅಳಿಯಲಿಲ್ಲ. ಆದರೆ ಕೆಲಸ ಮಾಡುವ ರೀತಿ ಬದಲಾಯಿತು. ಸಾಕಣೆಗಾರರು ಮೀನು ಸಾಯುವವರೆಗೆ ಕಾಯುವುದನ್ನು ಬಿಟ್ಟು, ಹಿಡಿದ ಮೀನಿನ ಚರ್ಮದಲ್ಲಿ ಗಂಟು ಇದೆಯಾ ಎಂದು ಮೊದಲೇ ನೋಡಲು ಕಲಿತರು. ಇದು ಮುಖ್ಯ. ಯಾಕೆಂದರೆ 2008ರಲ್ಲಿ ಸಾಕಣೆಯ ಲೆಕ್ಕ ಹಾಕಿ ನೋಡಿದವರಿಗೆ ಕಂಡದ್ದು ಬೇರೆಯೇ ಚಿತ್ರ. ಮೀನು ರಾಶಿಯಾಗಿ ಸತ್ತ ಕೊಳದಲ್ಲಿ ಮಾತ್ರ ನಷ್ಟ ಎಂದುಕೊಂಡಿದ್ದರು. ಹಗುರ ಸೋಂಕಿದ್ದ ಕೊಳದಲ್ಲೂ ಮೀನು ಕಡಿಮೆ ತಿಂದು, ಕಡಿಮೆ ಬೆಳೆದು, ಲಾಭ ಕರಗಿಹೋಗಿತ್ತು. ಸಾವು ಕಣ್ಣಿಗೆ ಬೀಳುತ್ತದೆ, ಬೆಳೆಯದೆ ಉಳಿದ ಮೀನು ಬೀಳುವುದಿಲ್ಲ. ಅದಕ್ಕೂ ಮೊದಲು, 2004ರಲ್ಲಿ, ಹುಳು ಹತ್ತಿದ ಮರಿಗಳು ಬ್ಯಾಕ್ಟೀರಿಯಾದ ಕರುಳುಬೇನೆಗೆ ಬೇಗ ಬಲಿಯಾಗುತ್ತವೆ ಎನ್ನುವುದೂ ಗೊತ್ತಾಗಿತ್ತು.

ಕೊಳದ ಅಂಚಿನ ಕಳೆ ತೆಗೆಯುವುದು, ಹೆಜ್ಜಾರ್ಲೆಯನ್ನು ಇಳಿಯುವ ಮೊದಲೇ ಹೆದರಿಸುವುದು, ಗಂಟು ಕಂಡ ಕೊಳಕ್ಕೆ ಮಾತ್ರ ನೀರು ಪರೀಕ್ಷಿಸಿ ಮೈಲುತುತ್ತ ಹಾಕುವುದು. ಎಲ್ಲ ಕೊಳಕ್ಕೂ ಎಲ್ಲ ಔಷಧಿ ಸುರಿಯುವ ಕಾಲ ಹೋಯಿತು.

ನಮ್ಮ ಕೆರೆಗಳ ಮಾತು

ಈ ಪ್ರಕರಣ ಓದುವಾಗ ನನಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಅಲ್ಲಿ ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆಮಗಳ ಹಾಗೆ ನೋಡಿಕೊಳ್ಳುತ್ತಾರೆ. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹಕ್ಕಿಗಳು ಸಾಲಾಗಿ ಸತ್ತಾಗ ಹೊಟ್ಟೆಯಲ್ಲಿ ಹುಳು ಸಿಕ್ಕಿತು. ಅದು ದುಂಡುಹುಳು, ಈ ಕಥೆಯ ಚಪ್ಪಟೆ ಹುಳು ಅಲ್ಲ. ಎರಡನ್ನೂ ಬೆರೆಸಬಾರದು. ಆದರೆ ದಾರಿ ಒಂದೇ: ಮೀನಿನಿಂದ ಹಕ್ಕಿಗೆ.

ನಮ್ಮ ಕೆರೆಗಳಲ್ಲೂ ಚಪ್ಪಟೆ ಸುರುಳಿಯ ಬಸವನಹುಳು ಇದೆ. ಹೆಸರು ಇಂಡೋಪ್ಲಾನಾರ್ಬಿಸ್. ದನಗಳ ಗೊರಕೆ ರೋಗದ ಹುಳು ಬೆಳೆಯುವುದು ಇದರಲ್ಲೇ. ಒಂದೇ ಜಾತಿ ಎಂದು ನಾವು ತಿಳಿದಿದ್ದ ಈ ಬಸವನಹುಳುವಿನೊಳಗೇ ಹಲವು ಬೇ‌ರೆ ಬೇರೆ ಕವಲುಗಳಿವೆ ಎಂದು ಡಿಎನ್‌ಎ ತೋರಿಸಿದೆ. ಮನೆಯೇ ಹಲವು, ಇನ್ನು ಬಾಡಿಗೆಗಿರುವವರು ಎಷ್ಟೋ.

ಕೆರೆಗೆ ಇಳಿಯುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು. ಒಂದು ಲೋಟಕ್ಕೆ ಒಂದೇ ಬಸವನಹುಳು ಹಾಕಿ, ಬೆಳಕಿಗೆ ಇಡಿ. ಹೊರಬಂದ ಸರ್ಕೇರಿಯಾಗಳಲ್ಲಿ ಅರ್ಧವನ್ನು ಬಿಸಿ ನೀರಿನಲ್ಲಿ ಕೊಂದು ಆಕಾರ ನೋಡಿ, ಇನ್ನರ್ಧವನ್ನು ಎಥೆನಾಲ್‌ನಲ್ಲಿ ಇಡಿ. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಕೆಡುತ್ತದೆ. ಅವತ್ತು ಕೆರೆಯಲ್ಲಿ ಯಾವ ಹಕ್ಕಿ ಇತ್ತು ಅಂತ ಬರೆಯಿರಿ. ಎಲ್ಲ ಮುಗಿದ ಮೇಲೆ ಬಸವನಹುಳುವಿನ ಚಿಪ್ಪನ್ನು ಎಸೆಯಬೇಡಿ, ಅದೇ ಸಂಖ್ಯೆ ಬರೆದು ಅದೇ ಸೀಸೆಯ ಪಕ್ಕದಲ್ಲಿ ಇಡಿ.